ಒಂದು ಕಳೆದು

ಜಾಡಿಯನ್ನು ಒಂದಿಷ್ಟು ತಿರುಗಿಸಿದರೆ ಗಾಜಿನ ಉಬ್ಬಿನಲ್ಲಿ ಮೀನಿನ ಕಣ್ಣು ಊದಿಕೊಳ್ಳುತ್ತದೆ, ಇನ್ನೊಂದಿಷ್ಟು ತಿರುಗಿಸಿದರೆ ಕುಗ್ಗುತ್ತದೆ, ಆದರೆ ಅದು ಎರಡೇ ಸೆಂಟಿಮೀಟರು, ಕ್ಯಾಲಿಪರಿನ ದವಡೆಯಲ್ಲಿ ಹಿಡಿದು ಅವಳೇ ಅಳೆದಿದ್ದಳು, ಎರಡು — ನಾನೂರು ಮಾರು ಆಳದ ಕತ್ತಲಲ್ಲಿ ಬದುಕುವುದಕ್ಕೆ ಇಷ್ಟು ದೊಡ್ಡ ಕಣ್ಣು ಕೊಟ್ಟ ದೇವರು ಅಲ್ಲಿ ನೋಡಲು ಏನನ್ನಿಟ್ಟಿದ್ದಾನೋ, ಅವನ ಚಿತ್ತ ಅವನಿಗೇ ಗೊತ್ತು. ತಲೆ ಏಳು ಪಾಯಿಂಟ್ ಒಂದು, ಪುಸ್ತಕದಲ್ಲಿ ಅವಳದೇ ಅಕ್ಷರ. ಈಗ ತಟ್ಟೆಯ ಮೇಲೆ ಮಲಗಿಸಿ ಅಳೆದರೆ ಆರು. ಸ್ಪಿರಿಟ್ಟಿನಲ್ಲಿ ಮೀನು ಸೊರಗುತ್ತಮ್ಮಾ, ಅದೇನು ಹೊಸದಾ, ಅಂದಿದ್ದರು ಬೆಳಿಗ್ಗೆ ಪ್ರಯೋಗಾಲಯದ ದೊಡ್ಡವರು, ಕನ್ನಡಕವನ್ನು ಹಣೆಗೇರಿಸಿ. ಸೊರಗುತ್ತದೆ, ಇಪ್ಪತ್ತು ವರ್ಷದಿಂದ ಮೀನು ಅಳೆಯುವವಳಿಗೆ ಗೊತ್ತಿಲ್ಲವೇ, ಆದರೆ ಕೂದಲೆಳೆಯಷ್ಟು, ಏಳರಲ್ಲಿ ಒಂದು ಹೋದರೆ ಅದನ್ನು ಸೊರಗಿತು ಅನ್ನುತ್ತಾರೆಯೇ, ಯಾರೋ ತಿಂದರು ಅನ್ನಬೇಕು. ಈ ಕುಲದ ಮೀನಿಗೆಲ್ಲ ತಲೆ ಕಣ್ಣಿನ ಮೂರು ಪಟ್ಟು, ಇದೊಂದಕ್ಕೇ ಮೂರೂವರೆ, ಆ ಅರ್ಧದ ಮೇಲೆಯೇ ಇದು ಲೋಕ ಕಾಣದ ಹೊಸ ಮೀನೆಂದು ದೊಡ್ಡವರು ಹನ್ನೆರಡು ಪುಟ ಬರೆದಿದ್ದಾರೆ, ಇವತ್ತು ಊಟದ ಹೊತ್ತಿಗೆ ಮುಂಚೆ ವಿಜ್ಞಾನ ಪತ್ರಿಕೆಗೆ ಕಳಿಸುತ್ತಾರೆ, ಶನಿವಾರ ನಿವೃತ್ತಿ, ಇದೇ ಅವರ ಕೊನೆಯ ಮೀನು, ಅಳೆದವಳು ನೀನು, ನಿನ್ನ ಹೆಸರೇ ಇಡ್ತೀನಮ್ಮಾ ಅಂದ ದಿನ ಅವಳ ಕಾಲು ನೆಲಕ್ಕೆ ತಾಗಿರಲಿಲ್ಲ. ಮನೆಯಲ್ಲಿ ಅತ್ತೆ, ಮೀನಿಗೆ ನಿನ್ನ ಹೆಸರಾ, ಕೂಗಿದರೆ ನೀನೇ ಓಗೊಡಲ್ಲ, ಅದೆಲ್ಲಿ ಓಗೊಡುತ್ತೆ, ಎಂದು ಮೂತಿ ತಿರುವಿದವರು ಸಂಜೆಯೊಳಗೆ ಬೀದಿಯ ಆ ತುದಿಯವರೆಗೆ ಸಾರಿ ಬಂದಿದ್ದರು, ನಮ್ಮ ಸೊಸೆ ಪುಸ್ತಕ ಸೇರ್ತಾಳಂತೆ ಕಣ್ರೀ.

ಏನಕ್ಕಾ, ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ಕೂತಿದ್ದೀರಲ್ಲ, ದೃಷ್ಟಿ ತಾಗೀತು — ಪಕ್ಕದ ಮೇಜಿನ ಬರವಣಿಗೆಯವನು, ಅವಳು ಅಳತೆ ಕೂಗುವುದು, ಅವನು ಪುಸ್ತಕಕ್ಕೆ ಬರೆಯುವುದು, ಎಷ್ಟು ವರ್ಷದ ಜೋಡಿ — ಅದಕ್ಕಲ್ಲ, ನಿಮಗೇ ತಾಗೋದು, ಯಾರ ಕಣ್ಣು ದೊಡ್ಡದು ನೋಡಿ. ನಗಬೇಕಿತ್ತು, ನಗು ಬರಲಿಲ್ಲ, ಬೆರಳು ಮೊಂಡಣ್ಣನನ್ನು ಸವರುತ್ತಿದೆ, ಮೂತಿ ಮುರಿದ ಸ್ಟೀಲ್ ಸ್ಕೇಲು, ಸೊನ್ನೆಯಿಂದ ಒಂದರವರೆಗಿನ ತುಂಡನ್ನು ತುಕ್ಕು ತಿಂದು ಎಷ್ಟೋ ಕಾಲ, ಹೊಸದು ಬೇಕೆಂದು ಬರೆದ ಅರ್ಜಿ ಮುಳುಗಿದ ಆಳಕ್ಕೆ ಯಾವ ಬಲೆಯೂ ಇಳಿಯದು. ಆಗಲಿ, ಒಂದರ ಗೆರೆಯಿಂದ ಹಿಡಿ, ಒಂದು ಕಳೆದು ಕೂಗು, ಅಷ್ಟೇ ತಾನೇ. ಅಂದ ಹಾಗೆ ಅಕ್ಕಾ, ಇದು ಬಂದ ದಿನ ನಾನಿರಲಿಲ್ಲ ಅಲ್ವಾ, ಹಲ್ಲು ಕೀಳಿಸೋಕೆ ಹೋಗಿದ್ದೆ, ಯಾರಿಗೆ ಕೂಗಿದ್ರಿ?

ಯಾರಿಗೆ ಕೂಗಿದಳು. ಯಾರಿಗೂ ಇಲ್ಲ. ಎಡಗೈಯಲ್ಲಿ ಸ್ಕೇಲು, ಬಲಗೈಯಲ್ಲಿ ಪೆನ್ನು, ಮಂಜುಗಡ್ಡೆ ಕರಗಿ ಮೊಣಕೈಗೆ ಹರಿಯುತ್ತಿತ್ತು, ಬಾಯಿ ಮುಚ್ಚಿತ್ತು — ಕಣ್ಣು ಕಂಡ ಗೆರೆಯನ್ನು ಕೈ ನೇರವಾಗಿ ಬರೆದುಬಿಟ್ಟಿತು, ಏಳು ಪಾಯಿಂಟ್ ಒಂದು. ಇಷ್ಟು ವರ್ಷ ಕಳೆದದ್ದೆಲ್ಲ ನಾಲಗೆ, ಕೈಗೆ ಕಳೆಯುವುದನ್ನು ಯಾರೂ ಕಲಿಸಿರಲಿಲ್ಲ. ಅಯ್ಯೋ ದೇವರೇ. ಉದ್ದದಲ್ಲೂ ಒಂದು ಹೆಚ್ಚೇ ಇರಬೇಕು, ಮೂವತ್ತರಲ್ಲಿ ಅದು ಯಾರಿಗೆ ಕಾಣುತ್ತದೆ, ತಲೆಯಲ್ಲಿ ಮಾತ್ರ ಹೊಸ ಮೀನೇ ಹುಟ್ಟಿಬಿಟ್ಟಿತು. ಸುಮ್ಮನಿದ್ದರೆ? ಇಂಥದು ಇನ್ನೊಂದು ಬಲೆಗೆ ಬೀಳುವುದು ಯಾವ ಕಾಲಕ್ಕೋ, ಅಷ್ಟರಲ್ಲಿ ದೊಡ್ಡವರು ಎಲ್ಲೋ, ಅವಳೆಲ್ಲೋ, ಸೊರಗಿತು ಅಂದವರು ಅವರೇ ಅಲ್ಲವೇ, ಗೋಡೆಗೆ ಬಾಯಿಲ್ಲ, ಜಾಡಿಗೂ ಇಲ್ಲ — ಗಾಜಿಗೊತ್ತಿಕೊಂಡು ಆ ಕಣ್ಣು. ಅಪ್ಪ ದರ್ಜಿ, ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡು, ತಪ್ಪಿ ಕತ್ತರಿಸಿದ್ರೆ ಬಟ್ಟೆ ಹೋಗುತ್ತೆ ಮಗಳೇ, ಗೊತ್ತಿದ್ದೂ ಕತ್ತರಿಸಿದ್ರೆ ಕೈಯೇ ಹೋಗುತ್ತೆ ಅನ್ನುತ್ತಿದ್ದ, ಈಗ ಗೊತ್ತಾಯಿತಲ್ಲ, ಐದು ನಿಮಿಷದ ಹಿಂದೆ ಗೊತ್ತಿರಲಿಲ್ಲ, ಆ ಐದು ನಿಮಿಷವನ್ನು ಯಾರಾದರೂ ಹಿಂದಕ್ಕೆ ಕೊಟ್ಟಿದ್ದರೆ — ಚಪ್ಪಲಿ ಎಲ್ಲಿ, ಬರಿಗಾಲೇ ಇರಲಿ, ಕಾರಿಡಾರಿನಲ್ಲಿ ಯಾರೋ ನೆಲ ಒರೆಸಿದ್ದಾರೆ, ಜಾರುತ್ತದೆ, ದೊಡ್ಡವರ ಬಾಗಿಲು ಅರ್ಧ ತೆರೆದಿದೆ, ಕಂಪ್ಯೂಟರಿನ ಪರದೆಯ ಮೇಲೆ ಹನ್ನೆರಡು ಪುಟ, ಮೊದಲ ಸಾಲಿನಲ್ಲಿ ಲ್ಯಾಟಿನ್ ಬಾಲ ಸೇರಿಸಿಕೊಂಡ ಅವಳ ಹೆಸರು, ಕಳಿಸುವ ಗುಂಡಿಯ ಮೇಲೆ ಅವರ ಬೆರಳು, ಅವಳ ಬಾಯಿಂದ ಸರ್ ಅನ್ನುವುದೂ ಬರಲಿಲ್ಲ, ಬರವಣಿಗೆಯವನಿಗೆ ಕೂಗುವಂತೆಯೇ ಕೂಗಿಬಿಟ್ಟಳು, ತಲೆ, ಆರು ಪಾಯಿಂಟ್ ಒಂದು. ಏನಮ್ಮಾ? ಅವತ್ತು ಒಂದು ಕಳೆದಿರಲಿಲ್ಲ ಸರ್, ಕೂಗೋಕೆ ಯಾರೂ ಇರಲಿಲ್ಲ. ಬೈಯಲಿಲ್ಲ ಅವರು, ತುಟಿ ಅಲ್ಲಾಡುತ್ತಿದೆ, ಭಾಗಿಸುತ್ತಿದ್ದಾರೆ, ಮೂರು, ಮೂರೇ, ಮತ್ತೆ ಭಾಗಿಸುತ್ತಿದ್ದಾರೆ, ಬೆರಳು ಗುಂಡಿಯಿಂದ ಮೆಲ್ಲಗೆ ಮಡಿಲಿಗೆ ಇಳಿಯಿತು. ಕಣ್ಣು? ಅಂದರು, ಮಗು ಕೇಳುವ ಹಾಗೆ. ಅದು ಕ್ಯಾಲಿಪರ್ ಸರ್, ಅದು ಸರಿ, ಎರಡು. ಇನ್ನೊಂದು ಸಲ ಹೇಳು. ಎರಡು, ಅಂದಳು, ಕಣ್ಣು ಎರಡು, ಕಳೆಯಲು ಏನೂ ಇಲ್ಲದ್ದು, ಮುಚ್ಚಲು ರೆಪ್ಪೆಯಿಲ್ಲದ್ದು, ಕಣ್ಣು —