ಓದಿಯೂ ಬಿಟ್ಟ ಸಾಲು

ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ತಮ್ಮನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ತಿಳಿದ ಮೇಲೆ ಅವನ ತೋಳನ್ನು ಅವಳು ಬೇರೆಯವರ ಕೈಗೆ ಕೊಟ್ಟಿದ್ದೇ ಇಲ್ಲ.

ತಮ್ಮ ಬಸ್ ಚಾಲಕ. ಸಣಕಲು ಮೈಯ ಅವನನ್ನು ಡಿಪೋದಲ್ಲೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು. ಗಂಡುಹಾರ್ಮೋನನ್ನು ಅಡಗಿಸುವ ಇಂಜೆಕ್ಷನ್ ಶುರುವಾಗಿ ವರ್ಷ ತುಂಬುವುದರೊಳಗೆ ಕಡ್ಡಿಯ ಹೊಟ್ಟೆ ಸ್ಟೀರಿಂಗಿಗೆ ತಾಗತೊಡಗಿತು. ತೋಳು ಸೊರಗಿತು. ಕೂತಲ್ಲೇ ಬೆವರುತ್ತಿದ್ದ.

“ಮುಟ್ಟು ನಿಂತಾಗ ನೀನು ಫ್ಯಾನ್ ಕೆಳಗೆ ಒದ್ದಾಡ್ತಿದ್ದೆಯಲ್ಲ ಅಕ್ಕಾ, ಈಗ ಆ ಪಾಳಿ ನಂದು,” ಎಂದು ನಗಿಸುತ್ತಿದ್ದ.

ಮೂರು ತಿಂಗಳಿಗೊಮ್ಮೆ ರಿಪೋರ್ಟು. ಕ್ಯಾನ್ಸರಿನ ಏರಿಳಿತ ತೋರಿಸುವ, ಎಂಬತ್ತು ದಾಟಿದ್ದ ಪಿಎಸ್‌ಎ ಒಂದಕ್ಕಿಂತ ಕೆಳಗಿಳಿದಾಗ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಹಾಳೆಗಳಲ್ಲಿ ಸಕ್ಕರೆ ಮೊದಲು ನೂರಾ ಅರವತ್ತಾಗಿ, ಆಮೇಲೆ ಇನ್ನೂರಾ ಮೂವತ್ತಾಗಿತ್ತು. ಕಣ್ಣಿಗೆ ಬೀಳಲಿಲ್ಲವೆಂದಲ್ಲ. ಹುಲಿಯ ಬಾಯಿಂದ ತಪ್ಪಿಸಿಕೊಂಡವನಿಗೆ ಇರುವೆ ಕಚ್ಚಿದರೇನು ಎಂದುಕೊಂಡಳು. “ಸಿಹಿ ಕಮ್ಮಿ ಮಾಡೋ,” ಎಂದು ಒಮ್ಮೆ ಅಂದಿದ್ದಳು, ಅಷ್ಟೆ. ಡಾಕ್ಟರೂ ಪಿಎಸ್‌ಎ ನೋಡಿ ಬೆನ್ನು ತಟ್ಟಿ ಕಳಿಸಿದ್ದರು.

ಒಂದು ಬೆಳಿಗ್ಗೆ ಬಸ್ ಹತ್ತಲು ಹೋದವನು ಡಿಪೋದಲ್ಲೇ ಎದೆ ಹಿಡಿದು ಕುಸಿದ. ಅವನನ್ನು ತನ್ನ ಆಸ್ಪತ್ರೆಗೇ ತಂದಿದ್ದಾರೆಂಬ ಸುದ್ದಿ ಕೇಳಿ ಅಕ್ಕ ಲ್ಯಾಬಿನಿಂದ ಮೆಟ್ಟಿಲಿಳಿದು ಓಡಿಬರುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

ಎಲ್ಲ ಮುಗಿದ ಮೂರನೆಯ ದಿನ ತಮ್ಮನ ಹೆಂಡತಿ ಅವನ ಅಂಗಿಗಳನ್ನು ಮಡಿಸುತ್ತ ಕೇಳಿದಳು. “ಕ್ಯಾನ್ಸರ್ ಮತ್ತೆ ಬಂದಿತ್ತಾ ಅತ್ತಿಗೆ?”

“ಇಲ್ಲಮ್ಮ, ಅದು ತೆಪ್ಪಗಿತ್ತು. ಹೃದಯ ಕೈಕೊಡ್ತು. ಆ ಇಂಜೆಕ್ಷನ್ನಿಗೆ ಸಕ್ಕರೆ, ಬೊಜ್ಜು ಎಲ್ಲ ಏರುತ್ತೆ. ಅದನ್ನೂ ಹಿಡಿತದಲ್ಲಿ ಇಡಬೇಕಿತ್ತು.” ಅಕ್ಕ ಅವನ ಒಂದು ಅಂಗಿಯನ್ನು ಕೈಗೆತ್ತಿಕೊಂಡಳು. “ನಾನು ನೋಡ್ದೆ. ನೋಡಿನೂ ಸುಮ್ಮನಿದ್ದೆ.”

ತಮ್ಮನ ಹೆಂಡತಿ ತಲೆಯೆತ್ತದೆ ಹೇಳಿದಳು. “ಬಾಯಾರಿಕೆ ಅಂತ ಬಿಂದಿಗೆಗಟ್ಟಲೆ ನೀರು ಕುಡಿಯೋರು. ಎದೆ ಹಿಡಿದ ಹಾಗಾಗುತ್ತೆ ಅಂತಲೂ ಅಂದಿದ್ರು. ನಿಮಗೆ ಹೇಳ್ತೀನಿ ಅಂದ್ರೆ ಬಿಡ್ಲಿಲ್ಲ. ‘ನನ್ನ ರಿಪೋರ್ಟು ನೋಡಿ ಅಕ್ಕ ಈಗ ನಗ್ತಿದಾಳೆ, ಆ ನಗು ಕೆಡಿಸ್ಬೇಡ’ ಅಂದ್ರು.”

“ದಡ್ಡ,” ಎಂದಳು ಅಕ್ಕ, ಎದುರಿಗೇ ಇದ್ದವನನ್ನು ಗದರಿಸುವಂತೆ. “ಶುದ್ಧ ದಡ್ಡ ಕಣೋ ನೀನು.” ಆಮೇಲೆ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ತಮ್ಮನ ಹೆಂಡತಿ ಅಂಗಿ ಬದಿಗಿಟ್ಟು ಬಂದು ಅವಳ ಪಕ್ಕದಲ್ಲಿ ಕೂತಳು.