ತೂಬಗೆರೆಯ ಹತ್ತು ಸೀಸೆ

ಕೆಂಪಕ್ಷರ ಬೇಡವೆಂದು ಮೊದಲು ಹೇಳಿದವರು ಟ್ರಸ್ಟಿನ ಕಾರ್ಯದರ್ಶಿ ವೆಂಕಟರಾಮಪ್ಪನವರು.

ದೊಡ್ಡಬಳ್ಳಾಪುರದ ಟ್ರಸ್ಟಿನ ಧರ್ಮಾಸ್ಪತ್ರೆಗೆ ತೂಬಗೆರೆಯಲ್ಲೂ ಸಾಸಲಿನಲ್ಲೂ ಒಂದೊಂದು ಶಾಖೆ ಇತ್ತು. ಹಾವು ಕಚ್ಚಿದವರಿಗೆ ಕೊಡುವ ಔಷಧ ಎಲ್ಲಿ ಎಷ್ಟು ಸೀಸೆ ಇದೆ ಎಂದು ಯಾರು ಬೇಕಾದರೂ ಫೋನಿನಲ್ಲಿ ನೋಡುವಂತೆ, ಆಸ್ಪತ್ರೆಯ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದ ಫಿರ್ದೌಸ್ ಒಂದು ವೆಬ್ ಪುಟ ಮಾಡಿದ್ದಳು. ಪುಟ ಇದ್ದದ್ದು ಬೆಂಗಳೂರಿನಲ್ಲಿ ಬಾಡಿಗೆಗೆ ಪಡೆದ ಯಂತ್ರದಲ್ಲಿ. ದಾಸ್ತಾನಿನ ಜೊತೆ ರೋಗಿಗಳ ವಿವರವೂ ಇದ್ದ ಡೇಟಾಬೇಸ್ ಸರ್ವರ್ ಮಾತ್ರ ಇಲ್ಲೇ, ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ರೋಗಿಗಳ ವಿಷಯ ಊರು ಬಿಟ್ಟು ಹೋಗಬಾರದೆಂಬುದು ಟ್ರಸ್ಟಿನ ಹಠ. ಯಾರಾದರೂ ಪುಟ ತೆರೆದಾಗಲೆಲ್ಲ ಅದು ಸರ್ವರಿನ ವಿಳಾಸ ಹುಡುಕಿಕೊಂಡು ಬಂದು, ತನ್ನ ಹೆಸರು ಪಾಸ್‌ವರ್ಡ್ ಹೇಳಿ, ಉತ್ತರ ಪಡೆದು ಹೋಗಬೇಕಿತ್ತು.

ಎಲ್ಲರಿಗೂ ತೋರಿಸುವ ದಿನವೇ ಕರೆಂಟ್ ಹೋಯಿತು. ಪುಟದ ತುಂಬ ಕೆಂಪಕ್ಷರ: ಸಂಪರ್ಕ ಇಲ್ಲ, ಮಾಹಿತಿ ಇಲ್ಲ.

"ಏನಮ್ಮಾ ಇದು, ಬಂದೋರ ಮುಖಕ್ಕೆ ಹೊಡ್ದಂಗೆ ಇಲ್ಲ ಇಲ್ಲ ಅಂತ?" ಎಂದರು ವೆಂಕಟರಾಮಪ್ಪ.

"ಸರ್ವರ್ ಸಿಗ್ತಿಲ್ಲ ಸರ್. ಅದನ್ನೇ ಹೇಳ್ತಿದೆ."

"ನಮ್ಮನೇಲಿ ಅಕ್ಕಿ ಮುಗುದ್ರೂ ಇಲ್ಲ ಅನ್ನಲ್ಲ, ತುಂಬಿದೆ ಅಂತೀವಿ. ಆಸ್ಪತ್ರೆ ಬಾಗ್ಲಲ್ಲಿ ಇಲ್ಲ ಅಂದ್ರೆ ಹೆಂಗೆ? ಕರೆಂಟು ಹೋಗುತ್ತೆ, ಬರುತ್ತೆ. ಅಷ್ಟಕ್ಕೇ ಜನ ಯಾಕೆ ಗಾಬರಿಯಾಗ್ಬೇಕು?"

ಫಿರ್ದೌಸ್‌ಗೆ ಆ ಮಾತು ವಿಚಿತ್ರವೆನಿಸಲಿಲ್ಲ. ಡಬ್ಬಿಯಲ್ಲಿ ಎಣ್ಣೆ ಮುಗಿದಾಗ ಅವಳ ತಾಯಿ ಬಶೀರುನ್ನೀಸಾ "ಬರ್ಕತ್ ಹೈ", ಸಮೃದ್ಧಿಯಿದೆ, ಎನ್ನುತ್ತಿದ್ದರೇ ಹೊರತು ಮುಗಿದಿದೆ ಎಂದವರಲ್ಲ. ಆ ಸಂಜೆಯೇ ಅವಳು ಪುಟದ ಕೋಡಿನಲ್ಲಿ ನಾಲ್ಕು ಸಾಲು ಬದಲಿಸಿದಳು. ಸರ್ವರ್ ಸಿಗದಿದ್ದರೆ ಪುಟವು ಹಿಂದಿನ ಸಲ ಸಿಕ್ಕಿದ ಉತ್ತರವನ್ನೇ ತೋರಿಸುತ್ತದೆ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ತಂತಿ ಕಿತ್ತರೂ ಮುಳ್ಳು ಸೊನ್ನೆಗಿಳಿಯದ ಮೀಟರನ್ನು ಮೇಷ್ಟ್ರು ಕೆಟ್ಟಿದೆಯೆಂದು ಎತ್ತಿಡುತ್ತಿದ್ದುದು ನೆನಪಾಯಿತು. ಕರೆಂಟ್ ಬಂದೊಡನೆ ಸಂಪರ್ಕ ತಾನೇ ಕೂಡಿಕೊಳ್ಳುತ್ತದಲ್ಲ ಎಂದುಕೊಂಡು ಸುಮ್ಮನಾದಳು.

ಪುಟದಿಂದ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ವ್ಯಾನಿನ ಡ್ರೈವರ್ ನಂದೀಶ. ಮುಂಚೆ ಅವನು ರೋಗಿಯನ್ನು ಹತ್ತಿಸಿಕೊಂಡ ಮೇಲೆ ಶಾಖೆ ಶಾಖೆಗೂ ಫೋನು ಮಾಡಿ ಔಷಧ ಇದೆಯಾ ಎಂದು ಕೇಳಬೇಕಿತ್ತು.

"ತೂಬಗೆರೆ ಸಿಸ್ಟರ್ ಹತ್ರ ಬೈಸ್ಕೊಳ್ಳೋದು ತಪ್ತು ಬಿಡಿ ಮೇಡಂ. ನನ್ ಫೋನ್ ಕಂಡ್ರೇ ಉರ್ಕೊಳ್ಳೋರು," ಎಂದ.

ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಎಂದಿನಂತೆ ಕರೆಂಟ್ ಹೋಗಿ ಬಂತು. ಆದರೆ ಈ ಸಲ ಇಂಟರ್ನೆಟ್ ಕಂಪನಿಯವರು ಆಸ್ಪತ್ರೆಯ ಲೈನಿಗೆ ಹೊಸ ವಿಳಾಸ ಕೊಟ್ಟಿದ್ದರು. ಬೆಂಗಳೂರಿನ ಪುಟ ಹಳೆಯ ವಿಳಾಸದಲ್ಲೇ ಬಾಗಿಲು ತಟ್ಟುತ್ತಿತ್ತು. ಒಳಗೆ ಸರ್ವರ್ ಚೆನ್ನಾಗಿಯೇ ಇತ್ತು. ಅದೇ ಕಟ್ಟಡದ ತಂತಿಗೆ ಸೇರಿದ್ದ ಔಷಧ ಕೋಣೆಯ ಕಂಪ್ಯೂಟರಿನಲ್ಲಿ ಕಾಂಪೌಂಡರ್ ಮುನಿಶಾಮಪ್ಪ ಕೆಲಸ ಮಾಡುತ್ತಲೇ ಇದ್ದರು. ಮುಂಜಾನೆ ಕಟ್ಟುಹಾವು ಕಚ್ಚಿದ ಕೂಲಿಯವನೊಬ್ಬನಿಗೆ ತಮ್ಮಲ್ಲಿದ್ದ ಹತ್ತೂ ಸೀಸೆ ಹಾಕಿದ್ದಾಗಿ ತೂಬಗೆರೆಯ ಸಿಸ್ಟರ್ ಫೋನಿನಲ್ಲಿ ತಿಳಿಸಿದ್ದರು. ಕರೆಂಟ್ ಬಂದ ಮೇಲೆ ಮುನಿಶಾಮಪ್ಪ ಅದನ್ನು ದಾಖಲಿಸಿದ್ದರು. ಸರ್ವರಿಗೆ ನಿಜ ಗೊತ್ತಿತ್ತು. ಪುಟ ಮಾತ್ರ ತೂಬಗೆರೆ ಹತ್ತು ಎನ್ನುತ್ತಿತ್ತು, ಎಂದಿನ ಹಸಿರು ಅಕ್ಷರದಲ್ಲಿ.

ಮಧ್ಯಾಹ್ನ ಫಿರ್ದೌಸ್‌ಗೆ ನಂದೀಶನ ಫೋನ್ ಬಂತು. ಹಿಂದೆ ಯಾರೋ ಅಳುತ್ತಿದ್ದರು.

"ಮೇಡಂ, ರಾಜಘಟ್ಟ ದಾಟಿ ಒಂದು ತೋಟದತ್ರ ಇದೀನಿ. ಹಲಸಿನ ಮರದಡಿ ತರಗೆಲೆ ಗುಡಿಸ್ತಿದ್ದ ಹೆಂಗಸಿಗೆ ಹುಳ ಮುಟ್ಬಿಟ್ಟಿದೆ. ನಾಗರಾನೇ ಅಂತೆ, ಗಂಡ ನೋಡವ್ರೆ. ತೂಬಗೆರೇಲಿ ಹತ್ತು ಅಂತ ತೋರಿಸ್ತಿದೆ, ಅದೇ ಹತ್ರ. ಅಲ್ಲಿಗೇ ಹೋಗ್ತೀನಿ, ಡಾಕ್ಟ್ರಿಗೆ ಒಂದ್ ಮಾತು ಹೇಳ್ಬಿಡಿ."

"ಹೋಗಿ ಹೋಗಿ, ನಾನು ಹೇಳ್ತೀನಿ," ಎಂದಳು.

ಡಾಕ್ಟರ ಕೋಣೆಗೆ ಹೋಗುವ ದಾರಿಯಲ್ಲೇ ಔಷಧ ಕೋಣೆ. ಬಾಗಿಲಲ್ಲಿ ನಿಂತು ಮುನಿಶಾಮಪ್ಪನಿಗೂ ಹೇಳಿದಳು.

"ತೂಬಗೆರೆಗಾ?" ಮುನಿಶಾಮಪ್ಪ ಕನ್ನಡಕ ಮೇಲೆತ್ತಿದರು. "ಅಲ್ಲಿ ಬೆಳಿಗ್ಗೇನೇ ಆಗೋಯ್ತಲ್ಲಮ್ಮಾ."

ಅವರ ಪರದೆಯಲ್ಲಿ ಸೊನ್ನೆ ಇತ್ತು. ಅವಳ ಕೈಯ ಫೋನಿನಲ್ಲಿ ಹತ್ತು ಇತ್ತು. ಎರಡನ್ನೂ ನೋಡಿದ ಕ್ಷಣದಲ್ಲೇ ಅವಳಿಗೆ ಏನಾಗಿದೆಯೆಂದು ಪೂರ್ತಿ ತಿಳಿಯಿತು. ತಾನು ಬರೆದ ಆ ನಾಲ್ಕು ಸಾಲು ಕಣ್ಣ ಮುಂದೆ ಬಂದವು.

ನಂದೀಶನಿಗೆ ಫೋನ್ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ದನಿ. ಮತ್ತೆ ಮಾಡಿದಳು. ತೂಬಗೆರೆಯ ಸಿಸ್ಟರಿಗೆ ಮಾಡಿದರೆ ಅವರ ಫೋನ್ ಬೇರೆ ಕರೆಯಲ್ಲಿತ್ತು. ಮುನಿಶಾಮಪ್ಪನ ಕೈಗೆ ತನ್ನ ಫೋನು ಕೊಟ್ಟು, ಮಾಡುತ್ತಲೇ ಇರಿ ಎಂದು ಹೇಳಿ, ಅವರ ಕಂಪ್ಯೂಟರಿನಲ್ಲೇ ಕೂತು ಹೊಸ ವಿಳಾಸ ಹುಡುಕಿ ಪುಟಕ್ಕೆ ಬರೆದಳು. ಬೆರಳು ತಪ್ಪಿ ಒಂದು ಅಂಕಿ ಹೆಚ್ಚಾಯಿತು. ಅಳಿಸಿ ತಿದ್ದಿದಳು. ಪುಟ ತೆರೆದುಕೊಂಡಿತು. ತೂಬಗೆರೆ ಸೊನ್ನೆ. ದೊಡ್ಡಬಳ್ಳಾಪುರ ಇಪ್ಪತ್ತು.

"ಸಿಕ್ದ," ಎಂದರು ಮುನಿಶಾಮಪ್ಪ, ಫೋನನ್ನು ಕಿವಿಗೆ ಒತ್ತಿಕೊಂಡು. ಸ್ವಲ್ಪ ಕೇಳಿ ಮತ್ತೆ ಹೇಳಿದರು, "ಆಗ್ಲೇ ತೂಬಗೆರೆ ಬಾಗ್ಲಲ್ಲಿ ಅವ್ನಂತೆ."

ನಂದೀಶ ಬಂದ ದಾರಿಯಲ್ಲೇ ವ್ಯಾನನ್ನು ದೊಡ್ಡಬಳ್ಳಾಪುರದ ಕಡೆ ತಿರುಗಿಸಿದ. ಮುತ್ಯಾಲಮ್ಮ ಎಂಬ ಆ ಹೆಂಗಸಿಗೆ ಅಷ್ಟರಲ್ಲಿ ರೆಪ್ಪೆ ಎತ್ತಲಾಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ರಾಜಘಟ್ಟದ ಬಳಿ ಉಸಿರು ನಿಂತಿತು. ಇಪ್ಪತ್ತು ಸೀಸೆಯನ್ನೂ ಮೇಜಿನ ಮೇಲೆ ಜೋಡಿಸಿಕೊಂಡು ಕಾಯುತ್ತಿದ್ದ ಡಾಕ್ಟರು ಎದೆ ಒತ್ತಿ ನೋಡಿ, ಕೊನೆಗೆ ಕೈ ತೆಗೆದರು.

ಗಂಡ ಬೈರಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವನ ಪಂಚೆಯಲ್ಲಿ ಹಲಸಿನ ತರಗು ಸಿಕ್ಕಿಕೊಂಡಿತ್ತು. ಫಿರ್ದೌಸ್ ಹತ್ತಿರ ಹೋದಾಗ ಅವನೇ ಕೇಳಿದ.

"ಹತ್ತು ಅಂತಿತ್ತು ಕಣಮ್ಮಾ. ನಾನೂ ನೋಡ್ದೆ. ಅಷ್ಟರೊಳ್ಗೆ ಯಾರಾದ್ರೂ ತಗೊಂಡ್ಬಿಟ್ರಾ?"

"ಬೆಳಿಗ್ಗೇನೇ ಮುಗ್ದಿತ್ತಣ್ಣಾ. ಪುಟಕ್ಕೆ ಗೊತ್ತಿರ್ಲಿಲ್ಲ."

ಅವನಲ್ಲಿ ಕೋಪವಿರಲಿಲ್ಲ, ಅರ್ಥಮಾಡಿಕೊಳ್ಳಲು ನೋಡುತ್ತಿದ್ದ.

"ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ಬೋದಿತ್ತಲ್ಲಮ್ಮಾ. ಫೋನ್ ಮಾಡಿ ಕೇಳ್ತಿದ್ವಿ."

ನಂದೀಶ ವ್ಯಾನಿನ ಹಿಂದಿನ ಬಾಗಿಲು ಹಾಕದೆ, ಅದರ ಪಕ್ಕದಲ್ಲೇ ನಿಂತಿದ್ದ.

ಮೂರನೆಯ ದಿನ ಅವಳು ಬದಲಿಸಿದ ಪುಟವನ್ನು ವೆಂಕಟರಾಮಪ್ಪನವರಿಗೆ ತೋರಿಸಿದಳು. ಸರ್ವರಿನ ತಂತಿ ಕಿತ್ತಿಟ್ಟಿದ್ದಳು. ಪುಟದ ತುಂಬ ಕೆಂಪಕ್ಷರ: ಈಗ ಗೊತ್ತಿಲ್ಲ, ಈ ನಂಬರಿಗೆ ಕೇಳಿ. ನಂಬರು ಅವಳದೇ.

"ಈ ಬಣ್ಣಾನೇ ಬೇಕಾ?" ಎಂದು ಶುರುಮಾಡಿದ ಅವರು ಮಾತನ್ನು ಅಲ್ಲಿಗೇ ಬಿಟ್ಟು, ಪರದೆಯನ್ನು ಅವಳತ್ತ ತಿರುಗಿಸಿ ಎದ್ದುಹೋದರು.

ಮೊದಲ ಮಳೆಗೆ ಊರೆಲ್ಲ ಕರೆಂಟ್ ಹೋದಾಗ ಅವಳ ಫೋನ್ ರಿಂಗಾಯಿತು. ಗಂಡಸಿನ ದನಿ, ಓಡಿಬಂದವನ ಏದುಸಿರು. "ಸಾಸಲು ಆಸ್ಪತ್ರೇಲಿ ಹಾವಿನ ಔಷಧಿ ಐತಾ?"

ಅವಳು ಸಾಸಲಿನ ಸಿಸ್ಟರಿಗೆ ಮುನಿಶಾಮಪ್ಪನಿಂದ ಫೋನು ಮಾಡಿಸಿದಳು. ಮುನಿಶಾಮಪ್ಪ ಕೇಳಿಸಿಕೊಂಡು, ಇಲ್ಲ ಎನ್ನದ ಅಭ್ಯಾಸದಂತೆ, "ಆಗೋಗಿದೆಯಂತಮ್ಮಾ" ಎಂದರು.

"ಇಲ್ಲ," ಎಂದಳು ಫಿರ್ದೌಸ್ ತನ್ನ ಫೋನಿಗೆ. ಆ ಪದ ಬಾಯಲ್ಲಿ ಒರಟಾಗಿತ್ತು. "ಸಾಸಲಲ್ಲಿ ಇಲ್ಲ. ಅಲ್ಲಿಗೆ ಹೋಗ್ಬೇಡಿ. ಇಲ್ಲಿದೆ, ದೊಡ್ಡಬಳ್ಳಾಪುರಕ್ಕೇ ಬನ್ನಿ, ಎಲ್ಲೂ ನಿಲ್ಬೇಡಿ."

ಆ ಕಡೆಯ ದನಿ ಕಡಿದುಹೋಯಿತು. ಅವನಿಗೆ ಪೂರ್ತಿ ಕೇಳಿಸಿತೋ, ಅವರ ಗಾಡಿ ಯಾವ ಕಡೆ ಹೊರಟಿತೋ ತಿಳಿಯಲಿಲ್ಲ. ಅವಳು ಬಾಗಿಲಲ್ಲಿ ನಿಂತು, ಮಳೆಯಲ್ಲಿ ಬರುವ ಪ್ರತಿ ದೀಪವನ್ನೂ ನೋಡುತ್ತಿದ್ದಳು.