ಆರಿಸಿಟ್ಟ ವಾಲ್ವುಗಳು

ಆ ದಿನ ಬಾಲಾನಗರದ ವಾಲ್ವು ಕಾರ್ಖಾನೆಯಲ್ಲಿ ಕರೆಂಟು ಹೋಗದಿದ್ದರೆ ತಪಾಸಣೆಯ ವೇದವತಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಫ್ಯಾನು ನಿಂತಿತು, ಮೇಲಿನ ತಪಾಸಣೆ ಕೋಣೆ ಕಾದ ಹಂಚಾಯಿತು, ಗಾಳಿಗೆಂದು ಕೆಳಗಿನ ಶೆಡ್ಡಿಗೆ ಇಳಿದಳು. ಅಲ್ಲಿ ಪ್ಯಾಕಿಂಗಿನ ಲಿಂಗಣ್ಣ ನೆಲದ ಮೇಲೆ ಕೂತು ಕುಕ್ಕರಿನ ಸೇಫ್ಟಿ ವಾಲ್ವುಗಳನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದ. ನುಣುಪಾದದ್ದು ಅವಳ ಟ್ರೇಗೆ, ಒರಟಾದದ್ದು ವಾಪಸ್ ಪೆಟ್ಟಿಗೆಗೆ.

ಒಂದು ಲಾಟಿನಲ್ಲಿ, ಅಂದರೆ ಒಮ್ಮೆಗೆ ಹೋಗುವ ಸರಕಿನಲ್ಲಿ, ಇರುವ ಸಾವಿರಾರು ವಾಲ್ವುಗಳನ್ನು ಒಂದೊಂದಾಗಿ ಪರೀಕ್ಷಿಸಲಾಗದು. ಎಲ್ಲ ಪೆಟ್ಟಿಗೆಗಳಿಂದಲೂ ಕಣ್ಣು ಮುಚ್ಚಿ ಒಟ್ಟು ಎಂಬತ್ತು ತೆಗೆದು ಮೇಲೆ ಕಳಿಸಬೇಕು, ಅವುಗಳಲ್ಲಿ ಒಂದೇ ಒಂದು ಒತ್ತಡಕ್ಕೆ ತೆರೆಯದಿದ್ದರೂ ಇಡೀ ಲಾಟು ನಿಲ್ಲಬೇಕು. ಇದು ಅವಳೇ ಹಾಕಿಕೊಟ್ಟ ಕ್ರಮ. ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಚುಕಿ ನೋಡುತ್ತೇವೆ, ಸರಿ. ಆ ಅಗುಳನ್ನೇ ಯಾರಾದರೂ ಬೇರೆ ಬೇಯಿಸಿಟ್ಟರೆ?

"ಲಿಂಗಣ್ಣಾ, ಏನ ಮಾಡಾಕತ್ತೀರಿ?"

ಅವನು ನಾಚಿ ನಕ್ಕ. "ನಿಮ್ಮ ಸಲುವಾಗಿ ಚಲೋವು ಆರಸಾಕತ್ತೀನ್ರಿ ಅಕ್ಕಾರ. ಈ ತೆಲುಗು ಊರಾಗ ನಮ್ಮ ಕಡಿ ಹೆಣ್ಮಗಳು ನೀವು. ನಿಮ್ಮ ಕೈಗೆ ಹೊಲಸು ಮಾಲು ಕೊಡೂದೇನ್ರಿ?"

"ಯಾವಾಗಿಂದ?"

"ನೀವು ಬಂದಾಗಿಂದ್ರಿ."

ಅವಳಿಗೆ ಟ್ರೇ ಎತ್ತಿ ಬಿಸಾಡಬೇಕೆನಿಸಿತು. ಕಳ್ಳನಾಗಿದ್ದರೆ ಬಾಯಿಗೆ ಬಂದಂತೆ ಬೈದು ಹಗುರಾಗಬಹುದಿತ್ತು. ಈ ಪುಣ್ಯಾತ್ಮ ಪ್ರೀತಿಯಿಂದ ಕಣ್ಣಿಗೆ ಮಣ್ಣೆರಚಿದ್ದ! ಒಮ್ಮೆಯೂ ಮೆಟ್ಟಿಲಿಳಿದು ನೋಡದ ತನ್ನ ಮೇಲೂ ಅಷ್ಟೇ ಸಿಟ್ಟು ಬಂತು.

ಕರೆಂಟು ಬರುವಷ್ಟರಲ್ಲಿ ತಾನೇ ಪೆಟ್ಟಿಗೆಗಳ ತಳಕ್ಕೆ ಕೈಹಾಕಿ ಎಂಬತ್ತು ತೆಗೆದಿದ್ದಳು. ಮೇಲೆ ಒಯ್ದು ಒತ್ತಡ ಕೊಟ್ಟು ನೋಡಿದರೆ ಐದು ತೆರೆಯಲೇ ಇಲ್ಲ. ಕುಕ್ಕರು ಸಿಡಿದರೆ ಎದುರಿಗಿರುವುದು ಅಡುಗೆ ಮಾಡುವವಳ ಮುಖ.

ಸಾಹುಕಾರ ಕಾಶಿನಾಥ ಆಗಲೇ ಪೆಟ್ಟಿಗೆಗಳು ಏರಿದ್ದ ಲಾರಿಯ ಪಕ್ಕ ನಿಂತು ಮೊಬೈಲಿನಲ್ಲಿ ಮಾಧಾಪುರದ ಸೈಟಿನ ಮಾತಾಡುತ್ತಿದ್ದ.

"ಈ ಲಾಟು ಹೋಗಂಗಿಲ್ರಿ," ಎಂದಳು.

"ಇನ್ನೊಮ್ಮೆ ಎಂಬತ್ತು ತೆಗಿಯವ್ವಾ, ಪಾಸಾಗತಾವ."

"ಪಾಸಾಗೂತನಕ ತೆಗಿಯೂದಾದ್ರ ತಪಾಸಣೆ ಯಾಕ್ರಿ?"

ಕಾಶಿನಾಥನ ಮುಖ ಗಂಟಾಯಿತು. "ಇಷ್ಟ ದಿನ ಸಹಿ ಹಾಕಿದಾಕಿ ನೀನ. ಕೆದರಿದ್ರ ಮೊದಲ ನಿನ್ನ ಹೆಸರ ಬರ್ತೈತಿ. ನೌಕರಿ ಬ್ಯಾಡಾಗಿದ್ರ ಅಮೀರ್‌ಪೇಟ್‌ಗೆ ಹೋಗಿ ಕಂಪ್ಯೂಟರ್ ಕಲಿ. ಊರ ಮಂದಿಯೆಲ್ಲಾ ಅದನ್ನ ಮಾಡಾಕತ್ತಾರ."

ಹೆಸರಿನ ಮಾತು ನಿಜವಾಗಿತ್ತು; ಅದಕ್ಕೇ ಉರಿ ಹತ್ತಿತು. ಅವಳು ಹಿಂದೆಯೇ ಬಂದಿದ್ದ ಲಿಂಗಣ್ಣನ ಕಡೆ ತಿರುಗಿದಳು.

"ನಿಮ್ಮ ಮಗಳು ಸುವರ್ಣಾನ ಕುಕ್ಕರಿಗೆ ಈ ಪೆಟ್ಟಿಗ್ಯಾಗಿಂದ ಒಂದ ತಗೀರಿ. ಕಣ್ಣ ಮುಚ್ಚಿ."

ಲಿಂಗಣ್ಣನ ಕೈ ಪೆಟ್ಟಿಗೆಯವರೆಗೆ ಹೋಗಿ ನಿಂತುಬಿಟ್ಟಿತು. ಆಮೇಲೆ ಲಾರಿ ಹತ್ತಿ ಪೆಟ್ಟಿಗೆಗಳನ್ನು ಇಳಿಸತೊಡಗಿದ. "ಏ ಲಿಂಗ್ಯಾ!" ಎಂದು ಕಾಶಿನಾಥ ಕೂಗಿದ್ದು ಅವನಿಗೆ ಕೇಳಿಸಿದಂತೆಯೇ ಕಾಣಲಿಲ್ಲ.

ವೇದವತಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಇವು ಇಳಿದವು, ಸರಿ. ಮೊದಲೇ ಹೋದವು? ಆಫೀಸಿಗೆ ನುಗ್ಗಿ, ವಾಲ್ವು ಕೊಳ್ಳುವ ಕುಕ್ಕರ್ ಕಂಪನಿಯ ನಂಬರು ತಿರುಗಿಸಿದಳು.

"ಫೋನ್ ಇಡು! ಇಡದಿದ್ರ ನಾಳಿಂದ ಬರಬ್ಯಾಡ!" ಕಾಶಿನಾಥ ಹಿಂದೆಯೇ ಬಂದ.

ಹೆಗಲ ಮೇಲೆ ಪೆಟ್ಟಿಗೆ ಹೊತ್ತಿದ್ದ ಲಿಂಗಣ್ಣ ಬಾಗಿಲಲ್ಲಿ ನಿಂತ. "ತಪ್ಪ ನಂದಂತ ಹೇಳ್ರಿ ಅಕ್ಕಾರ."

"ಹೇಳ್ತೀನಿ," ಎಂದಳು ಸಿಡುಕಿ. "ನಿಮ್ಮನ್ನೂ ಬಿಡಂಗಿಲ್ಲ, ನನ್ನನ್ನೂ ಬಿಡಂಗಿಲ್ಲ."

ಆ ಕಡೆ ಯಾರೋ ಫೋನೆತ್ತಿದರು. ಅವಳು ತೆಲುಗಿನಲ್ಲಿ ತನ್ನ ಹೆಸರು ಹೇಳಿದಳು, ನಾನು ಸಹಿ ಹಾಕಿ ಕಳಿಸಿದ ವಾಲ್ವು ಒಂದನ್ನೂ ನಂಬಬೇಡಿ ಎಂದಳು.